ವರ್ತಕನ ದಾಸೋಹ: ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ದಾಸೋಹವೆಂದೊಡನೆ ಭಕ್ತಜನರ ಕಣ್ಣಮುಂದೆ ಸಾಲಾಗಿ ಹಾಸಿದ ಎಲೆಯೂ ಬಿಸಿಯಾದ ಅನ್ನವೂ ಬಂದು ನಿಲ್ಲುತ್ತವೆ. ಅದು ಸಹಜವೇ ಸರಿ. ಹಸಿದವನಿಗೆ ಅನ್ನಕ್ಕಿಂತ ಹಿರಿದಾದ ಪ್ರಸಾದವಿಲ್ಲ. ಆದರೆ ನಮ್ಮ ಶಿವಶರಣರು ದಾಸೋಹವನ್ನು ಎಂದೂ ಒಂಟಿಯಾಗಿ ಬೋಧಿಸಲಿಲ್ಲ; ಕಾಯಕದೊಡನೆ ಹೆಣೆದೇ ಬೋಧಿಸಿದರು. ಉಂಡವನು ಎದ್ದು ತನ್ನ ಕಾಯಕಕ್ಕೆ ಮರಳಬೇಕು. ಮರಳುವುದಕ್ಕೆ ಅವನಿಗೆ ದಾರಿಯಿರಬೇಕು. ಕ್ಷಾಮದಿಂದಲೋ ರೋಗದಿಂದಲೋ ಆ ದಾರಿ ಮುಚ್ಚಿಹೋಗಿದ್ದರೆ ಅದನ್ನು ತೆರೆದುಕೊಡುವುದೂ ದಾಸೋಹವೇ ಆಗುತ್ತದೆ. ದೊಡ್ಡ ವ್ಯಾಪಾರವುಳ್ಳ ಭಕ್ತನು ಸಣ್ಣ ಅಂಗಡಿಯ ಭಕ್ತನಿಗೆ ಸಲ್ಲಿಸತಕ್ಕ ದಾಸೋಹ ಯಾವ ಬಗೆಯದು ಎಂಬ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರವನ್ನು ಹುಡುಕುವವರು ಬೆಂಗಳೂರಿನ ರೈಲು ನಿಲ್ದಾಣದ ಬಳಿಯಿರುವ ಒಂದು ಛತ್ರದ ಕಡೆಗೂ ಒಮ್ಮೆ ದೃಷ್ಟಿ ಹಾಯಿಸಬೇಕು. ಆ ಛತ್ರವನ್ನು ಕಟ್ಟಿಸಿದ ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರ ಜೀವಿತವೇ ಆ ಪ್ರಶ್ನೆಗೆ ಒಂದು ಉತ್ತರವಾಗಿದೆ.

ಗುಬ್ಬಿಯಿಂದ ಬೆಂಗಳೂರಿಗೆ

ತುಮಕೂರು ಜಿಲ್ಲೆಯ ಗುಬ್ಬಿಯು ವೀರಶೈವರಿಗೆ ಪರಿಚಿತವಾದ ಪುಣ್ಯಸ್ಥಳ. ಗೋಸಲ ಚನ್ನಬಸವೇಶ್ವರರ ಸನ್ನಿಧಿಯಿಂದ ಪವಿತ್ರವಾದ ಊರು. ಹದಿನಾರನೆಯ ಶತಮಾನದಲ್ಲಿ ಭಾವಚಿಂತಾರತ್ನ, ವೀರಶೈವಾಮೃತ ಪುರಾಣಗಳನ್ನು ರಚಿಸಿದ ಮಲ್ಲಣಾರ್ಯನ ಊರು. ಇದರೊಡನೆ ಅದು ವ್ಯಾಪಾರದ ಊರೂ ಹೌದು. ಸುತ್ತಣ ತೋಟಗಳ ಅಡಕೆಯು ಅಲ್ಲಿನ ಸಂತೆಗೆ ಬಂದು ದೂರದ ಪ್ರಾಂತಗಳಿಗೆ ಹೋಗುತ್ತಿತ್ತು. ಪುರಾಣ ಶ್ರವಣವೂ ತಕ್ಕಡಿಯ ಸದ್ದೂ ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದ ಇಂತಹ ಊರಿನಲ್ಲಿ, ಒಂದು ವೀರಶೈವ ಮನೆತನದಲ್ಲಿ, 1838ರಲ್ಲಿ ತೋಟದಪ್ಪನವರು ಜನಿಸಿದರು. ಅನಂತರ ಅವರ ಕುಟುಂಬವು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ನಿಂತಿತು.

ಆಗಿನ ಬೆಂಗಳೂರು ಎಂದರೆ ಒಂದು ಊರಲ್ಲ, ಎರಡು ಊರು. ಪಶ್ಚಿಮಕ್ಕೆ ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ. ಪೂರ್ವಕ್ಕೆ ಹಲಸೂರಿನ ಬಳಿ ಇಂಗ್ಲಿಷರು 1809ರಲ್ಲಿ ನೆಲೆಗೊಳಿಸಿದ ದಂಡು. ಪೇಟೆಯಲ್ಲಿ ಒಂದೊಂದು ಬೀದಿಗೆ ಒಂದೊಂದು ಕಾಯಕ: ಬಳೆಪೇಟೆ, ಅಕ್ಕಿಪೇಟೆ, ತರಗುಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಹೆಸರನ್ನು ಕೇಳಿದರೆ ಸಾಕು, ಅಲ್ಲಿ ಏನು ದೊರೆಯುತ್ತದೆಂದು ಹಳ್ಳಿಯಿಂದ ಬಂದವನಿಗೂ ತಿಳಿಯುತ್ತಿತ್ತು. 1864ರಲ್ಲಿ ಜೋಲಾರಪೇಟೆಯಿಂದ ಹೊರಟ ಉಗಿಬಂಡಿ ಕೃಷ್ಣರಾಜಪುರದ ಬಯಲನ್ನು ದಾಟಿ ದಂಡಿನ ನಿಲ್ದಾಣವನ್ನು ಸೇರಿತು. ಮುಂದೆ 1882ರ ವೇಳೆಗೆ ಮೈಸೂರಿನ ದಾರಿಯೂ 1884ರಲ್ಲಿ ತುಮಕೂರಿನ ದಾರಿಯೂ ತೆರೆದುವು. ಗಾಡಿಯ ಎತ್ತುಗಳು ದಿನಗಟ್ಟಲೆ ನಡೆದು ತಲಪುತ್ತಿದ್ದ ದೂರವು ಕೆಲವು ಗಂಟೆಗಳ ಪ್ರಯಾಣವಾಯಿತು. ಗುಬ್ಬಿ, ತುಮಕೂರು, ತಿಪಟೂರುಗಳ ಸಂತೆಯಲ್ಲಿ ಕುಳಿತು ಮಾರುತ್ತಿದ್ದ ಸಣ್ಣ ವರ್ತಕನು ತಾನೇ ಬೆಂಗಳೂರಿಗೆ ಬಂದು ಸರಕನ್ನು ಆರಿಸಿಕೊಳ್ಳುವ ಕಾಲ ಬಂದಿತು.

ಸಣ್ಣ ವರ್ತಕನ ಸಂಕಟ

ಆದರೆ ರೈಲು ಅವನನ್ನು ಊರಿಗೆ ತಂದಿಳಿಸಿತೇ ಹೊರತು ಇಳಿದ ಮೇಲೆ ತಂಗುವುದಕ್ಕೆ ಎಡೆ ಕೊಡಲಿಲ್ಲ. ಬಳೆಯ ಮಲಾರವನ್ನು ಹೊತ್ತು ಹಳ್ಳಿ ಸುತ್ತುವವನು, ನಾಲ್ಕು ಸೀರೆ ಎರಡು ಪಂಚೆಗಳ ಗಂಟಿನೊಡನೆ ಸಂತೆಯಿಂದ ಸಂತೆಗೆ ನಡೆಯುವವನು, ಊರಬಾಗಿಲಿನಲ್ಲಿ ಉಪ್ಪು ಮೆಣಸಿನಕಾಯಿಗಳ ಅಂಗಡಿಯಿಟ್ಟವನು, ಇಂತಹವರ ಬಂಡವಾಳವೆಲ್ಲ ಸೊಂಟದ ಚೀಲದಲ್ಲಿಯೇ ಇರುತ್ತಿತ್ತು. ಒಂದು ದಿನ ಬೆಲೆ ವಿಚಾರಿಸಬೇಕು. ಇನ್ನೊಂದು ದಿನ ಚೌಕಾಸಿ ಮಾಡಿ ಕೊಳ್ಳಬೇಕು. ಮಗುದೊಂದು ದಿನ ಮೂಟೆ ಕಟ್ಟಿಸಿ ಬಂಡಿಗೆ ಹೇರಿಸಬೇಕು. ಅಷ್ಟರಲ್ಲಿ ಮೂರು ರಾತ್ರಿ ಕಳೆಯುತ್ತದೆ. ಆ ಮೂರು ರಾತ್ರಿಗಳ ಖರ್ಚು ಅವನ ಲಾಭದ ಬಹುಭಾಗವನ್ನು ನುಂಗಿಬಿಡುತ್ತಿತ್ತು.

ಖರ್ಚನ್ನು ಉಳಿಸಬೇಕೆಂದರೆ ಸಗಟು ವ್ಯಾಪಾರಿಯ ಜಗುಲಿಯೇ ಗತಿ. ಆತನು ಚಾಪೆ ಕೊಟ್ಟು, ಒಂದು ತಂಬಿಗೆ ನೀರು ಕೊಟ್ಟು ಉಪಚರಿಸಬಹುದು. ಆದರೆ ಯಾರ ಜಗುಲಿಯಲ್ಲಿ ಮಲಗಿದನೋ ಅವರ ಅಂಗಡಿಯನ್ನು ಬಿಟ್ಟು ಎದುರಿನ ಅಂಗಡಿಯ ಮೆಟ್ಟಿಲನ್ನು ಹತ್ತುವುದು ಹೇಗೆ? ದಾಕ್ಷಿಣ್ಯವು ಬಡವನಿಗೆ ಬಡ್ಡಿಗಿಂತಲೂ ಭಾರವಾದುದು. ಬೆಲೆ ಹೆಚ್ಚೆಂದು ಕಂಡರೂ ಅಲ್ಲಿಯೇ ಕೊಳ್ಳಬೇಕು. ಹಣ ಸಾಲದಿದ್ದರೆ ಅಲ್ಲಿಯೇ ಕಡ ಹೇಳಬೇಕು. ಮುಂದಿನ ಸಲ ಬಂದಾಗಲೂ ಅದೇ ಜಗುಲಿ, ಅದೇ ಖಾತೆ. ಇದು ಯಾರ ದುಷ್ಟತನವೂ ಅಲ್ಲ. ಕೊಡುವವನು ಸಜ್ಜನನಾಗಿದ್ದರೂ ಪಡೆಯುವವನ ಕೈಯನ್ನು ಕಟ್ಟಿಹಾಕುವ ಒಂದು ಬಗೆಯ ಉಪಕಾರ ಲೋಕದಲ್ಲುಂಟು. ಪೇಟೆಯ ನಡುವೆ ವ್ಯಾಪಾರ ಮಾಡುತ್ತಿದ್ದ ತೋಟದಪ್ಪನವರಿಗೆ ಇದು ದಿನನಿತ್ಯದ ನೋಟವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಕ್ಷಾಮದ ದಿನಗಳು, ವರ್ತಕರ ಧರ್ಮ

ತೋಟದಪ್ಪನವರಿಗೆ ನಲವತ್ತು ವರ್ಷ ಸಮೀಪಿಸುತ್ತಿದ್ದಾಗ ಮೈಸೂರು ಸೀಮೆಯ ಮೇಲೆ ಧಾತು ಈಶ್ವರ ಕ್ಷಾಮವು ಎರಗಿತು. 1876ರಿಂದ 1878ರವರೆಗೆ ನಡೆದ ಆ ಅನರ್ಥವನ್ನು ಜನಗಣತಿಯ ಅಂಕೆಗಳೇ ಹೇಳುತ್ತವೆ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೂ ಮಿಗಿಲಾಗಿತ್ತು; ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕೂ ಕೆಳಗಿಳಿದಿತ್ತು. ಸತ್ತವರು ಸತ್ತರು. ಬದುಕಿ ಉಳಿದವರಲ್ಲಿ ನೇಕಾರನಿಗೆ ನೂಲಿಲ್ಲ, ಕುಂಬಾರನಿಗೆ ಕೊಳ್ಳುವವರಿಲ್ಲ, ಸಂತೆಗೆ ಬರುವ ಜನವಿಲ್ಲ. ಕ್ಷಾಮವು ಕಳೆದ ಮೇಲೆ ಮಳೆ ತಾನಾಗಿ ಬರಬಹುದು. ಮುರಿದ ವ್ಯಾಪಾರವು ತಾನಾಗಿ ಏಳುವುದಿಲ್ಲ. ಅದನ್ನು ಯಾರಾದರೂ ಕೈಹಿಡಿದು ಎಬ್ಬಿಸಬೇಕು.

ವರ್ತಕರು ಹೀಗೆ ಕೈ ನೀಡುವುದು ಕನ್ನಡನಾಡಿಗೆ ಹೊಸತಾಗಿರಲಿಲ್ಲ. ಪೂರ್ವಕಾಲದಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವಣಿಕ ಸಂಘದವರು ತಾವು ಸಾಗಿಸುವ ಸರಕಿನ ಹೇರುಗಳ ಮೇಲೆ ಇಂತಿಷ್ಟೆಂದು ಧರ್ಮಕ್ಕೆ ಬಿಟ್ಟುಕೊಟ್ಟುದನ್ನು ಅನೇಕ ಶಿಲಾಶಾಸನಗಳು ಸಾರುತ್ತವೆ. ಆ ಸಂಘವು ಅಳಿದರೂ ಅದರ ಸಂಸ್ಕಾರ ಅಳಿಯಲಿಲ್ಲ. ಮಂಡಿಗಳಲ್ಲಿ ವ್ಯಾಪಾರದ ಹಣದಿಂದ ಧರ್ಮಕ್ಕೆಂದು ನಾಲ್ಕು ಕಾಸನ್ನು ಬೇರೆ ತೆಗೆದಿಡುವ ಪದ್ಧತಿಯು ಅದರ ಕುಡಿಯೇ ಆಗಿದೆ.

ಬೆಂಗಳೂರಿನಲ್ಲಿಯೂ ಆ ಸಂಸ್ಕಾರವು ಜೀವಂತವಾಗಿತ್ತು. ವೀಳೆಯದೆಲೆಯ ವ್ಯಾಪಾರದಿಂದ ಎಲೆ ಮಲ್ಲಪ್ಪಶೆಟ್ಟರೆಂದೇ ಹೆಸರಾದ ವೀರಶೈವ ವರ್ತಕರು ತಮ್ಮ ಸಂಪಾದನೆಯನ್ನು ನೀರಿಗಾಗಿ ವೆಚ್ಚ ಮಾಡಿ ಬೆಂಗಳೂರಿನ ಪೂರ್ವಕ್ಕೆ, ಮದರಾಸಿನ ಹೆದ್ದಾರಿಯಲ್ಲಿ, ಕೃಷ್ಣರಾಜಪುರದಾಚೆ ಒಂದು ವಿಶಾಲವಾದ ಕೆರೆಯನ್ನು ಕಟ್ಟಿಸಿದರು. ಅದು ಇಂದಿಗೂ ಅವರ ಹೆಸರಿನಿಂದಲೇ ನಿಂತಿದೆ. ಕೆರೆಯಲ್ಲಿ ನೀರು ನಿಂತರೆ ಕೆಳಗಣ ತೋಟದವನು ಬೆಳೆಯುತ್ತಾನೆ. ಬೆಳೆದರೆ ಹೊರುವವನಿಗೆ ಕೂಲಿ. ಹೊತ್ತು ತಂದರೆ ಬೀದಿಯ ಮೂಲೆಯಲ್ಲಿ ಬುಟ್ಟಿಯಿಟ್ಟು ಕುಳಿತವಳಿಗೆ ವ್ಯಾಪಾರ. ಬುಡಕ್ಕೆ ಎರೆದ ನೀರು ತುದಿಯ ಎಲೆಯನ್ನು ಮುಟ್ಟುವಂತೆ ಆ ಧರ್ಮವು ಹರಿಯಿತು. ದಂಡಿನ ಕಡೆ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿಯೇ ಬಡಮಕ್ಕಳಿಗಾಗಿ ಪಾಠಶಾಲೆಯನ್ನು ತೆರೆದಿದ್ದರು. ಜಾತಿ ಬೇರೆ, ಭಾಷೆ ಬೇರೆ, ಊರಿನ ಆಡಳಿತವೂ ಬೇರೆ. ಆದರೆ ಗಳಿಸಿದ ಊರಿಗೆ ಗಳಿಕೆಯನ್ನು ಹಿಂದಿರುಗಿಸಬೇಕೆಂಬ ಬುದ್ಧಿ ಒಂದೇ. ಇಂತಹ ವರ್ತಕ ಸಮೂಹದ ನಡುವೆ ತೋಟದಪ್ಪನವರು ಬಾಳಿದರು.

ಸಂತಾನವಿಲ್ಲದ ಮನೆ, ಬಾಗಿಲಿಲ್ಲದ ಊರು

ತೋಟದಪ್ಪನವರಿಗೆ ವ್ಯಾಪಾರದಲ್ಲಿ ಲಕ್ಷ್ಮಿ ಒಲಿದಳು, ಆದರೆ ಸಂತಾನಭಾಗ್ಯವೊದಗಲಿಲ್ಲ. ಗೃಹಸ್ಥನಾದವನಿಗೆ ಇದು ಸಣ್ಣ ದುಃಖವಲ್ಲ. ಗಳಿಸಿದ್ದು ಯಾರಿಗೆ ಎಂಬ ಪ್ರಶ್ನೆಯು ಪ್ರತಿದಿನ ದೀಪ ಹಚ್ಚುವ ಹೊತ್ತಿಗೆ ಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಕೆಲವರು ಆ ದುಃಖದಲ್ಲಿ ಕೈಯನ್ನು ಇನ್ನಷ್ಟು ಬಿಗಿಹಿಡಿಯುತ್ತಾರೆ. ಕೆಲವರು ದಾಯಾದಿಗಳ ವ್ಯಾಜ್ಯಕ್ಕೆ ಎಡೆಮಾಡಿ ಕಣ್ಮುಚ್ಚುತ್ತಾರೆ. ತೋಟದಪ್ಪನವರು ತಮ್ಮ ಸಂಪತ್ತನ್ನು ಧರ್ಮಸಂಸ್ಥೆಗೆ ಒಪ್ಪಿಸಿ, ದಾರಿಹೋಕರನ್ನೂ ವಿದ್ಯಾರ್ಥಿಗಳನ್ನೂ ತಮ್ಮ ವಾರಸುದಾರರನ್ನಾಗಿ ಮಾಡಿಕೊಂಡರು.

1897ರಲ್ಲಿ ಅವರು ಬೆಂಗಳೂರು ನಗರದ ರೈಲು ನಿಲ್ದಾಣದ ಬಳಿ ರೈಲ್ವೆ ಇಲಾಖೆಯಿಂದ ಎರಡೂವರೆ ಎಕರೆ ಭೂಮಿಯನ್ನು ಕೊಂಡರು. ಸ್ಥಳದ ಆಯ್ಕೆಯಲ್ಲಿಯೇ ವರ್ತಕನ ವಿವೇಕವು ಕಾಣುತ್ತದೆ. ಊರೊಳಗೆ, ತಮ್ಮ ಅಂಗಡಿಯ ಹತ್ತಿರದಲ್ಲಿ, ನಾಲ್ಕು ಜನರು ನೋಡಿ ಹೊಗಳುವೆಡೆಯಲ್ಲಿ ಅವರು ಛತ್ರವನ್ನು ಕಟ್ಟಬಹುದಾಗಿತ್ತು. ಅವರು ಆರಿಸಿದ್ದು ಬಂಡಿಯಿಂದ ಇಳಿದವನು ಮೂಟೆ ಹೊತ್ತು ನೂರಾರು ಹೆಜ್ಜೆಯಲ್ಲಿ ತಲಪಬಹುದಾದ ಸ್ಥಳವನ್ನು. ಕತ್ತಲಲ್ಲಿ ಬಂದಿಳಿದ ಹಳ್ಳಿಗನು ಯಾರನ್ನೂ ಕೇಳಬೇಕಾಗಿಲ್ಲ. ಯಾರ ಜಗುಲಿಯನ್ನೂ ಹತ್ತಬೇಕಾಗಿಲ್ಲ.

ಭೂಮಿಯನ್ನು ಕೊಂಡ ಮರುವರ್ಷವೇ, 1898ರ ಆಗಸ್ಟ್ ತಿಂಗಳಲ್ಲಿ, ಬೆಂಗಳೂರಿಗೆ ಪ್ಲೇಗು ಹೊಕ್ಕಿತು. ತೋಟದಪ್ಪನವರ ಬಾಳಿನಲ್ಲಿ ಅರವತ್ತು ಸಂವತ್ಸರಗಳ ಚಕ್ರವು ಒಂದು ಸುತ್ತನ್ನು ಮುಗಿಸುತ್ತಿದ್ದ ಸಮಯವದು. ಎರಡು ವರ್ಷದ ಹಿಂದೆ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿಯು ಹುಬ್ಬಳ್ಳಿಯ ಕಡೆಯಿಂದ ರೈಲಿನ ದಾರಿ ಹಿಡಿದೇ ಬಂದಿತು. ಇಲಿ ಬಿದ್ದ ಮನೆಯನ್ನು ಬಿಟ್ಟು ಜನರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವಿರಾರು ಜನರು ಪ್ರಾಣ ಬಿಟ್ಟರು. ಅಂಗಡಿಗಳು ಮುಚ್ಚಿದವು, ಸರಕು ಕೊಟ್ಟವನಿಗೆ ಹಣ ಬರಲಿಲ್ಲ, ಹಣ ಕೊಟ್ಟವನಿಗೆ ಸರಕು ಬರಲಿಲ್ಲ. ನಿಲ್ದಾಣಗಳಲ್ಲಿ ಬಂದವರನ್ನೆಲ್ಲ ನಿಲ್ಲಿಸಿ ವೈದ್ಯರು ಪರೀಕ್ಷಿಸುತ್ತಿದ್ದರು. ಪರವೂರಿನವನೆಂದರೆ ಸಾಕು, ಕದಗಳು ಮುಚ್ಚಿಕೊಳ್ಳುತ್ತಿದ್ದುವು. ನಿನ್ನೆಯವರೆಗೆ ಅತಿಥಿಯಾಗಿದ್ದವನು ಇಂದು ಮೃತ್ಯುವಿನ ದೂತನಂತೆ ಕಂಡನು.

ಅತಿಥಿಯನ್ನು ಕಂಡು ಊರೇ ಬೆದರಿದ ಇಂತಹ ಕಾಲದಲ್ಲಿ ಅತಿಥಿಗಾಗಿಯೇ ಮನೆ ಕಟ್ಟುವ ಸಂಕಲ್ಪವನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಯಾವ ದಾರಿಯಿಂದ ರೋಗವು ಬಂದಿತ್ತೋ ಆ ದಾರಿಯ ತುದಿಯಲ್ಲಿಯೇ ತೋಟದಪ್ಪನವರ ಭೂಮಿಯಿದ್ದಿತು. ಅವರು ಹಿಂದೆಗೆಯಲಿಲ್ಲ. ರೋಗವು ಒಮ್ಮೆ ತಗ್ಗುವುದು, ಮತ್ತೊಮ್ಮೆ ಏಳುವುದು, ಹೀಗೆ ವರುಷಗಳು ಕಳೆದುವು. ಪೇಟೆಯ ಇಕ್ಕಟ್ಟನ್ನು ಕಳೆಯಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದುವು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ತೆರೆಯಿತು. ಬೀದಿಗಳಲ್ಲಿ ಮತ್ತೆ ಒಂದೊಂದಾಗಿ ಅಂಗಡಿಗಳ ಹಲಗೆಗಳು ಸರಿದುವು. 1903ರ ಫೆಬ್ರವರಿ 11ರಂದು, ರಾಜ್ಯಾಧಿಕಾರವನ್ನು ವಹಿಸಿಕೊಂಡು ಇನ್ನೂ ಒಂದು ವರುಷವೂ ತುಂಬದಿದ್ದ ಶ್ರೀಮನ್ಮಹಾರಾಜ ಕೃಷ್ಣರಾಜ ಒಡೆಯರವರ ಅಮೃತ ಹಸ್ತದಿಂದ ಛತ್ರವು ಪ್ರಾರಂಭವಾಯಿತು. ಸೋತ ಊರು ಎದ್ದು ನಿಲ್ಲುತ್ತಿದ್ದ ಗಳಿಗೆಯಲ್ಲಿ ದಾರಿಹೋಕನಿಗೆ ಬಾಗಿಲು ತೆರೆಯಿತು.

ಕೈ ಕಟ್ಟದ ಉಪಕಾರ

ಛತ್ರವೆಂದರೆ ತೀರ್ಥಯಾತ್ರೆಯವರಿಗೆ ಮಾತ್ರವೆಂದು ಕೆಲವರು ಭಾವಿಸುವುದುಂಟು. ಬಂಡಿಯಿಂದ ಇಳಿದವರಲ್ಲಿ ಯಾತ್ರಿಕನೂ ಇದ್ದನು, ನ್ಯಾಯಸ್ಥಾನಕ್ಕೆ ಬಂದ ರೈತನೂ ಇದ್ದನು, ಆಸ್ಪತ್ರೆಗೆ ಬಂದ ರೋಗಿಯೂ ಇದ್ದನು, ಸರಕಿಗೆ ಬಂದ ಸಣ್ಣ ವರ್ತಕನೂ ಇದ್ದನು. ಎಲ್ಲರಿಗೂ ಅದು ತಂಗುದಾಣವೇ. ಆದರೆ ವರ್ತಕನ ಪಾಲಿಗೆ ಅದು ತಂಗುದಾಣಕ್ಕಿಂತ ಮಿಗಿಲಾಗಿತ್ತು. ಉಳಿದ ಖರ್ಚು ಅವನ ಬಂಡವಾಳಕ್ಕೆ ಸೇರಿತು. ಅದಕ್ಕಿಂತಲೂ ಹೆಚ್ಚಾಗಿ, ಯಾರ ಹಂಗೂ ಇಲ್ಲದ ಚಾಪೆಯ ಮೇಲೆ ಮಲಗಿದವನು ಬೆಳಗ್ಗೆದ್ದು ಐದು ಅಂಗಡಿಗಳ ಬೆಲೆಯನ್ನು ಕೇಳಬಲ್ಲವನಾದನು. ಒಪ್ಪಿದರೆ ಕೊಳ್ಳುವನು, ಒಪ್ಪದಿದ್ದರೆ ಕೈಮುಗಿದು ಮುಂದಿನ ಅಂಗಡಿಗೆ ನಡೆಯುವನು. ಪೇಟೆಯ ವರ್ತಕರೊಬ್ಬರು ಪೇಟೆಯ ವರ್ತಕರ ದಾಕ್ಷಿಣ್ಯದಿಂದಲೇ ಸಣ್ಣವನನ್ನು ಬಿಡಿಸಿದಂತಾಯಿತು. ತೋಟದಪ್ಪನವರ ಔದಾರ್ಯದ ಅಂತರಂಗವು ಇಲ್ಲಿದೆ.

ಕಲ್ಯಾಣದ ಶರಣರ ಚರಿತ್ರೆಯಲ್ಲಿ ಆಯ್ದಕ್ಕಿ ಮಾರಯ್ಯನ ಪ್ರಸಂಗವು ಎಲ್ಲರಿಗೂ ತಿಳಿದುದೇ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಹಿಂದಕ್ಕೆ ಕಳುಹಿಸಿದಳೆಂದು ಪ್ರತೀತಿ. ಈ ಕಥೆಯನ್ನು ಮಾರಯ್ಯ ಲಕ್ಕಮ್ಮರ ನಿರಾಶೆಯ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಅದನ್ನೇ ಕೊಡುವವರ ಕಡೆಯಿಂದಲೂ ನೋಡಬಹುದು. ಬಡವನಿಗೂ ಒಂದು ಅಳತೆಯುಂಟು, ಒಂದು ಮಾನವುಂಟು. ಆತನ ಕಾಯಕವನ್ನು ಕಸಿದು ಚೀಲ ತುಂಬಿಸುವುದು ಉಪಕಾರವಾಗದು. ಆತನ ಕಾಯಕವು ನಡೆಯುವಂತೆ ಅಂಗಳವನ್ನು ತೆರೆದಿಡುವುದೇ ಉಪಕಾರ. ಮಹಾಮನೆಯ ಅಂಗಳವು ಮಾರಯ್ಯನಿಗೆ ಏನಾಗಿತ್ತೋ ತೋಟದಪ್ಪನವರ ಛತ್ರವು ಸಂತೆಯ ವರ್ತಕನಿಗೆ ಅದೇ ಆಯಿತು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೈಯಿಂದ ಕೊಟ್ಟ ಹಣವು ಒಮ್ಮೆಗೆ ತೀರುತ್ತದೆ. ಕೊಟ್ಟವನ ಮುಖವನ್ನು ಪಡೆದವನು ಜೀವಮಾನವೆಲ್ಲ ನೆನೆಯಬೇಕಾಗುತ್ತದೆ. ಸಂಸ್ಥೆಯಾಗಿ ನಿಂತ ಧರ್ಮಕ್ಕೆ ಆ ತೊಡಕಿಲ್ಲ. ಅಲ್ಲಿ ತಂಗಿದವನು ತೋಟದಪ್ಪನವರನ್ನು ಕಾಣಬೇಕಾಗಿರಲಿಲ್ಲ, ಕೃತಜ್ಞತೆಯನ್ನು ಒಪ್ಪಿಸಬೇಕಾಗಿರಲಿಲ್ಲ. ಮಾಡಿದೆನೆಂಬ ಭಾವವು ಮಾಡುವವನಲ್ಲಿ ಮೊಳೆಯಬಾರದೆಂದು ಶರಣರು ಎಚ್ಚರಿಸಿದುದು ಇದಕ್ಕಾಗಿಯೇ ಅಲ್ಲವೆ?

ಬಿರುದು, ಬಯಲು, ಮುಂದಿನ ಹೊಣೆ

1905ರಲ್ಲಿ ಮಹಾರಾಜರು ತೋಟದಪ್ಪನವರಿಗೆ ಧರ್ಮಪ್ರವರ್ತರೆಂಬ ಬಿರುದನ್ನಿತ್ತು ಗೌರವಿಸಿದರು. ಅದೇ ವರುಷದಲ್ಲಿ ಮೈಸೂರು ಸಂಸ್ಥಾನವು ಸಹಕಾರ ಸಂಘಗಳ ಕಾನೂನನ್ನು ಜಾರಿಗೆ ತಂದಿತು. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘವನ್ನು ಸ್ಥಾಪಿಸಿದುದೂ ಅದೇ 1905ರಲ್ಲಿಯೇ. ಒಬ್ಬ ದಾನಿಯ ಕೈಯಿಂದ ಸಣ್ಣವನಿಗೆ ಬರುತ್ತಿದ್ದ ನೆರವು ಇನ್ನು ಹಲವರು ಕೂಡಿ ಕಟ್ಟಿಕೊಂಡ ಸಂಘದಿಂದಲೂ ಬರತೊಡಗಿತು.

1910ರಲ್ಲಿ ಇಂಗ್ಲಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಪದವಿಯು ತೋಟದಪ್ಪನವರಿಗೆ ಬಂದಿತು. ಅದೇ ವರುಷ ಫೆಬ್ರವರಿ 21ರಂದು ಅವರು ಲಿಂಗೈಕ್ಯರಾದರು. ಕೊನೆಗಾಲಕ್ಕೆ ಮುನ್ನವೇ ಧರ್ಮಸಂಸ್ಥೆಯ ಹೊಣೆಯನ್ನು ಕೆ. ಪಿ. ಪುಟ್ಟಣ್ಣಶೆಟ್ಟರಿಗೆ ವಹಿಸಿದ್ದರು. ಕೆರೆಯನ್ನು ಕಟ್ಟಿಸುವುದು ಒಂದು ಗುಣ. ತೂಬನ್ನು ಕಾಯುವ ಯೋಗ್ಯನನ್ನು ಹುಡುಕುವುದು ಇನ್ನೊಂದು ಗುಣ. ಎಷ್ಟೋ ಉದಾರಿಗಳ ಧರ್ಮವು ಎರಡನೆಯ ತಲೆಮಾರಿನಲ್ಲಿ ಕೋರ್ಟು ಕಚೇರಿಗಳ ಪಾಲಾದುದನ್ನು ಲೋಕವು ಕಂಡಿದೆ. ತೋಟದಪ್ಪನವರು ಆರಿಸಿದ ಪುಟ್ಟಣ್ಣಶೆಟ್ಟರು ಸಾರ್ವಜನಿಕ ಜೀವನದಲ್ಲಿ ನುರಿತ ವೀರಶೈವ ಪ್ರಮುಖರು; 1913ರಲ್ಲಿ ಬೆಂಗಳೂರು ನಗರಸಭೆಯ ಪ್ರಥಮ ಅನಧಿಕಾರಿ ಅಧ್ಯಕ್ಷರಾದವರು; ಮುಂದೆ ಸರ್ ಪದವಿಯನ್ನೂ ಪಡೆದರು. 1935ರಲ್ಲಿ ತೆರೆದ ಬೆಂಗಳೂರಿನ ಪುರಭವನವು ಅವರ ಹೆಸರನ್ನೇ ಹೊತ್ತಿದೆ.

ಪುಟ್ಟಣ್ಣಶೆಟ್ಟರು ನಗರಸಭೆಯ ಅಧ್ಯಕ್ಷತೆಗೆ ಬಂದ 1913ರಲ್ಲಿಯೇ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಬ್ಯಾಂಕು ಸ್ಥಾಪನೆಯಾಯಿತು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಲಿಯು ಏರ್ಪಟ್ಟಿತು. ಬೀದಿ ಬೀದಿಗೆ ಹಂಚಿಹೋಗಿದ್ದ ವರ್ತಕರು ಒಂದು ಸಭೆಯಲ್ಲಿ ಕುಳಿತು ತಮ್ಮ ಕಷ್ಟಸುಖಗಳನ್ನು ಸರ್ಕಾರಕ್ಕೆ ನಿವೇದಿಸುವ ವ್ಯವಸ್ಥೆ ಬಂದಿತು. ಸಾಲಕ್ಕೆ ಬ್ಯಾಂಕು, ಅಹವಾಲಿಗೆ ಮಂಡಲಿ, ಒಗ್ಗಟ್ಟಿಗೆ ಸಹಕಾರ ಸಂಘ, ತಂಗಲು ಛತ್ರ. ಒಂದು ಊರಿನ ವಾಣಿಜ್ಯವು ಬೆಳೆಯಬೇಕಾದರೆ ಈ ನಾಲ್ಕು ಕಂಬಗಳೂ ಬೇಕು. ಇವುಗಳಲ್ಲಿ ಯಾರ ಆಜ್ಞೆಗೂ ಯಾವ ಕಾನೂನಿಗೂ ಕಾಯದೆ ನಿಂತುದು ತೋಟದಪ್ಪನವರ ಕಂಬ.

ವರ್ತಕನ ಮಗನ ವಿದ್ಯೆ

ಧರ್ಮಸಂಸ್ಥೆಯು ದಾರಿಹೋಕರಿಗೆ ತಂಗುದಾಣವಾದಂತೆ ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಆಯಿತು. ಹಳ್ಳಿಯ ಅಂಗಡಿಯವನಿಗೂ ಬೇಸಾಯದವನಿಗೂ ಮಗನನ್ನು ಬೆಂಗಳೂರಿನಲ್ಲಿ ಓದಿಸಬೇಕೆಂಬ ಆಸೆಯಿರಬಹುದು. ಊಟ ವಸತಿಗಳಿಗೆ ತೆರುವ ಶಕ್ತಿ ಎಲ್ಲಿಂದ ಬರಬೇಕು? ಆ ಆಸೆಗೆ ತೋಟದಪ್ಪನವರ ಧನವು ಆಸರೆಯಾಯಿತು. ಮಕ್ಕಳಿಲ್ಲದವರ ಮನೆಯಲ್ಲಿ ಸಾವಿರ ಮಕ್ಕಳು ಓದಿದರು.

ಆ ಸಾವಿರದಲ್ಲಿ ಒಬ್ಬರನ್ನು ಸ್ಮರಿಸಿದರೆ ಸಾಕು. ಮಾಗಡಿ ಸೀಮೆಯ ವೀರಾಪುರದಲ್ಲಿ ಜನಿಸಿ, 1927ರಲ್ಲಿ ಸೆಂಟ್ರಲ್ ಕಾಲೇಜನ್ನು ಸೇರಿದ ಶಿವಣ್ಣನೆಂಬ ವಿದ್ಯಾರ್ಥಿಯು ತೋಟದಪ್ಪನವರ ಆಶ್ರಯದಲ್ಲಿಯೇ ಇದ್ದು ವ್ಯಾಸಂಗ ಮಾಡಿದನು. 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿದ ಆ ವಿದ್ಯಾರ್ಥಿಯೇ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು. 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೂ ಅವರು ನಡೆಸಿದ ಅನ್ನದಾಸೋಹ, ಅಕ್ಷರದಾಸೋಹಗಳನ್ನು ನಾಡೆಲ್ಲ ಬಲ್ಲುದು. ಜಾತಿಮತಗಳನ್ನೆಣಿಸದೆ ಸಾವಿರಾರು ಬಾಲಕರಿಗೆ ಶ್ರೀಮಠದಲ್ಲಿ ಒಮ್ಮೆಗೇ ಊಟ, ವಸತಿ, ವಿದ್ಯೆಗಳು ದೊರೆತುವು. ಉಚಿತ ನಿಲಯದಲ್ಲಿ ಓದಿದವರು ತಾವೇ ಒಂದು ಮಹಾನಿಲಯವಾದರು. ಒಂದು ಹಣತೆಯಿಂದ ಇನ್ನೊಂದು ಹಣತೆ ಹತ್ತಿದಂತೆ ವರ್ತಕನ ದಾಸೋಹವು ಮಠದ ದಾಸೋಹಕ್ಕೆ ಬೆಳಕಾಯಿತೆಂದರೆ ಅತಿಶಯೋಕ್ತಿಯಲ್ಲ.

ಪೂರ್ವದ ಬಾಗಿಲಲ್ಲಿ

ತೋಟದಪ್ಪನವರು ಲಿಂಗೈಕ್ಯರಾಗಿ ನೂರು ವರ್ಷಗಳು ಕಳೆದುಹೋದುವು. 1949ರಲ್ಲಿ ಪೇಟೆಯೂ ದಂಡೂ ಒಂದೇ ನಗರವಾದುವು. ಅಂದು ಉಗಿಬಂಡಿಯು ದಾಟಿ ಬಂದ ಪೂರ್ವದ ಬಯಲುಗಳಲ್ಲಿ ವಿಮಾನದ ಕಾರ್ಖಾನೆ, ರಕ್ಷಣಾ ಸಂಶೋಧನಾಲಯಗಳು ಎದ್ದುವು. ಅವುಗಳ ನೆರೆಯಲ್ಲಿ ವಿಜ್ಞಾನಿಯೊಬ್ಬರ ಹೆಸರನ್ನು ಹೊತ್ತ ಸಿ.ವಿ. ರಾಮನ್ ನಗರವು ಬೆಳೆಯಿತು. ಕಗ್ಗದಾಸಪುರ, ಬೈಯಪ್ಪನಹಳ್ಳಿಗಳ ಓಣಿಗಳಲ್ಲಿ ಕಿರಾಣಿಯವನು, ದರ್ಜಿ, ಹೂ ಮಾರುವವಳು, ತಳ್ಳುಗಾಡಿಯ ತರಕಾರಿಯವನು ಕಾಯಕ ನಡೆಸುತ್ತಿದ್ದಾರೆ. 2020ರ ಮಾರ್ಚಿಯಲ್ಲಿ ಕೊರೋನಾ ರೋಗವು ದೇಶದ ಬಾಗಿಲನ್ನೇ ಮುಚ್ಚಿಸಿದಾಗ ಇವರ ಅಂಗಡಿಗಳೂ ಮುಚ್ಚಿದುವು. 1898ರಲ್ಲಿ ಮಾಮೂಲುಪೇಟೆ ಕಂಡುದನ್ನು ಈ ಓಣಿಗಳು ಕಂಡುವು: ಬೆದರಿದ ಮುಖ, ಮುಚ್ಚಿದ ಕದ, ಬರಿದಾದ ಗಲ್ಲ. ಆ ವರುಷದ ಜೂನ್ ತಿಂಗಳಲ್ಲಿ ಬೀದಿಬದಿಯ ವ್ಯಾಪಾರಿಗಳಿಗೆ ಮೊದಲ ಕಂತಾಗಿ ಹತ್ತು ಸಾವಿರ ರೂಪಾಯಿಗಳವರೆಗೆ ಸಾಲ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರವು ತಂದಿತು. ಅದು ರಾಜಧರ್ಮ. ಅದರಿಂದ ವರ್ತಕಧರ್ಮದ ಹೊಣೆ ತೀರುವುದಿಲ್ಲ.

ಬಾಕಿಯನ್ನು ಎರಡು ತಿಂಗಳು ಕೇಳದೆ ಮತ್ತೆ ಸರಕು ಕೊಟ್ಟ ಸಗಟು ವ್ಯಾಪಾರಿ, ಅಂಗಡಿಯ ಬಾಡಿಗೆಯನ್ನು ತಗ್ಗಿಸಿಕೊಂಡ ಮನೆಯೊಡೆಯ, ದೂರದ ಮಳಿಗೆಗೆ ಹೋಗದೆ ಓಣಿಯ ಅಂಗಡಿಯಲ್ಲಿಯೇ ಕೊಂಡ ಗೃಹಿಣಿ, ಇಂತಹವರಿದ್ದ ಎಡೆಯಲ್ಲೆಲ್ಲ ತೋಟದಪ್ಪನವರ ಛತ್ರದ ಒಂದು ಕಲ್ಲು ಇದೆ. ಅವರಂತೆ ಎರಡೂವರೆ ಎಕರೆಯನ್ನು ಕೊಳ್ಳುವ ಶಕ್ತಿ ಎಲ್ಲ ಗೃಹಸ್ಥರಿಗೂ ಇರಲಾರದು. ಒಬ್ಬ ಸಣ್ಣವನ ಕೈಯನ್ನು ಕಟ್ಟದೆ ಅವನ ಕಾಯಕಕ್ಕೆ ಎಡೆಮಾಡುವ ಶಕ್ತಿ ಎಲ್ಲರಿಗೂ ಇದೆ.

2022ರ ಜೂನ್ ತಿಂಗಳಿನಿಂದ ಬೈಯಪ್ಪನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಹೊಸ ನಿಲ್ದಾಣಕ್ಕೆ ದೂರದೂರದ ರೈಲುಗಳು ಬಂದು ನಿಲ್ಲುತ್ತಿವೆ. ರಾತ್ರಿಯ ಕೊನೆಯ ಜಾವದಲ್ಲಿ ಅಲ್ಲಿಯೂ ಒಬ್ಬನು ಗಂಟನ್ನು ತಲೆಯ ಮೇಲಿಟ್ಟುಕೊಂಡು ಇಳಿಯುತ್ತಾನೆ. ಅವನ ಸೊಂಟದ ಚೀಲದಲ್ಲಿ ಅವನ ಬಂಡವಾಳವೆಲ್ಲ ಇರುತ್ತದೆ. ಅವನಿಗೆ ಈ ಊರಿನಲ್ಲಿ ಯಾರ ಪರಿಚಯವೂ ಇಲ್ಲ. ತೋಟದಪ್ಪನವರು ಕಾದಿದ್ದುದು ಅವನಿಗಾಗಿಯೇ.